ಅರ್ಧ ಅಡಿಯ ಚೌಕಗಳು

ನೀನು ಕದ್ದಿರಲಿಲ್ಲ, ಸುಜಾತಾ. ಅದು ನನಗೆ ಆವತ್ತೇ ಗೊತ್ತಿತ್ತು. ಆ ಭಾನುವಾರ ಬೆಳಿಗ್ಗೆ, ಅರಸೀಕೆರೆಯ ನಮ್ಮ ಕಾಲೇಜಿನ ಕೋಣೆಯಲ್ಲಿ, ಎಲ್ಲರ ಎದುರಿಗೆ ‘ಇದು ನಿಂದಲ್ಲ’ ಅಂತ ನಾನು ಹೇಳುತ್ತಿದ್ದಾಗಲೇ ಗೊತ್ತಿತ್ತು. ಆಮೇಲೆ ಗೊತ್ತಾಯಿತು, ತಡವಾಗಿ ಅರ್ಥವಾಯಿತು ಅಂತೆಲ್ಲ ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಮರುಕ ಹುಟ್ಟಬಹುದು — ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾನು ತಪ್ಪು ತಿಳಿದುಕೊಂಡಿದ್ದಲ್ಲ. ಗೊತ್ತಿದ್ದೇ ಸುಳ್ಳು ಹೇಳಿದ್ದು.

ಇದನ್ನು ನಿನಗೊಬ್ಬಳಿಗೇ ಹೇಳಿದರೆ ಸಾಕಿತ್ತು, ನಿಜ. ಆದರೆ ನಿನ್ನನ್ನು ಕಳ್ಳಿ ಅಂದದ್ದು ಅಷ್ಟೊಂದು ಜನರ ಎದುರಿಗೆ. ಒಪ್ಪಿಕೊಳ್ಳುವುದನ್ನು ಮಾತ್ರ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸುವುದು — ಅದೂ ನನ್ನಂಥವನಿಗೇ ಹೊಳೆಯುವ ಉಪಾಯ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಗೊತ್ತಿಲ್ಲದವರೂ ಓದಲಿ.

ನಾನು ಎಂಥವನು ಅಂತ ಅರಸೀಕೆರೆಯಲ್ಲಿ ಬಿ.ಎಸ್ಸಿ. ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಡಿಗ್ರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು, ಇನ್ನೆರಡು ವರ್ಷಕ್ಕೆ ನಿವೃತ್ತಿ, ಮುಖ ಯಾವಾಗಲೂ ಹುಳ್ಳಗೆ. ಜೊತೆಯ ಮೇಷ್ಟ್ರುಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಬ್ಬರು ತಾವು ಓದುವಾಗ ಬರೆದುಕೊಂಡ ನೋಟ್ಸನ್ನೇ ಹಾಳೆ ಹಳದಿಯಾದರೂ ಬಿಡದೆ ಓದಿ ಬರೆಸುವವರು. ಇನ್ನೊಬ್ಬರು ಪರೀಕ್ಷೆಗೆ ಏನೇನು ಬರುತ್ತೆ ಅಂತ ಗುರುತು ಹಾಕಿಕೊಟ್ಟು ‘ಒಳ್ಳೇ ಸಾರ್’ ಅನ್ನಿಸಿಕೊಂಡವರು. ಮಕ್ಕಳೋ, ಪ್ರಮೇಯಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಿ ಬರುವವರು. ಎಕ್ಸ್ ಇದ್ದ ಕಡೆ ಟಿ ಹಾಕಿ ಕೇಳಿದರೆ ‘ಸಿಲಬಸ್ಸಲ್ಲಿ ಇಲ್ಲ ಸಾರ್’ ಅಂತ ಪ್ರಿನ್ಸಿಪಾಲರ ಕೋಣೆಗೆ ಮೆರವಣಿಗೆ ಹೋಗುವವರು. ಇವರ ನಡುವೆ ಗಣಿತ ಬಲ್ಲವನು ನಾನೊಬ್ಬನೇ ಅಂತ ನನಗೆ ನಾನೇ ಪಟ್ಟ ಕಟ್ಟಿಕೊಂಡಿದ್ದೆ. ಏನು ಬಲ್ಲೆ, ಮಣ್ಣು. ಎಂ.ಎಸ್ಸಿ. ಮುಗಿದ ಮೇಲೆ ಹೊಸದಾಗಿ ಏನನ್ನೂ ಕಲಿತವನಲ್ಲ. ಬೇರೆಯವರಿಗೆ ಬರುವುದಿಲ್ಲ ಅನ್ನುವುದನ್ನೇ ನನಗೆ ಬರುತ್ತೆ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೆ.

ಪ್ರತಿ ವರ್ಷ ಡಿಗ್ರಿ ಮಕ್ಕಳಿಗೆ ವಿಶ್ವವಿದ್ಯಾಲಯ ಮಟ್ಟದ ಗಣಿತ ಸ್ಪರ್ಧೆ ಅಂತ ಒಂದು ನಡೆಯುತ್ತಿತ್ತು, ಮೈಸೂರಿನಲ್ಲಿ. ಕಾಲೇಜಿಗೆ ಒಬ್ಬರು. ಅಲ್ಲಿ ಗೆದ್ದ ಕೆಲವರನ್ನು ಬೇಸಿಗೆಯಲ್ಲಿ ದೊಡ್ಡ ಸಂಸ್ಥೆಯೊಂದರ ಶಿಬಿರಕ್ಕೆ ಕರೆಯುತ್ತಿದ್ದರು, ಶಿಬಿರದಲ್ಲಿ ಗಟ್ಟಿಯಾಗಿ ನಿಂತವರಿಗೆ ಎಂ.ಎಸ್ಸಿ. ಸೀಟು, ಊಟ, ವಸತಿ, ಸ್ಟೈಪೆಂಡು ಎಲ್ಲಾ. ನಮ್ಮ ಕಾಲೇಜಿನಿಂದ ಹೋದವರು ಯಾರೂ ಗೆದ್ದಿರಲಿಲ್ಲ. ತಯಾರಿ ಮಾಡಿಸುವ ಹೊಣೆ ನನ್ನದು. ಭಾನುವಾರ ಬೆಳಿಗ್ಗೆ, ಸಂಬಳವಿಲ್ಲದ ಕೆಲಸ ಅಂತ ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ನಾನು ಹೋಗುತ್ತಿದ್ದದ್ದು ಮಕ್ಕಳು ಗೆಲ್ಲಲಿ ಅಂತಲ್ಲ. ಅವರು ತಿಣುಕುವುದನ್ನು ನೋಡುವುದಕ್ಕೆ.

ಹೇಗೆ ತಯಾರಿ ಮಾಡಿಸುತ್ತಿದ್ದೆ ಅನ್ನುವುದನ್ನೂ ಹೇಳಬೇಕು. ನನಗೇ ಬಿಡಿಸಲಾಗದ ಲೆಕ್ಕಗಳನ್ನು ಕೊಡುತ್ತಿದ್ದೆ. ಕೊಟ್ಟು, ‘ಸುಲಭ ಐತೆ, ನಾಚ್ಕೊಳ್ಳೋ ಅಷ್ಟು ಸುಲಭ, ಮಾಡ್ಕೊಂಡು ಬನ್ನಿ’ ಅನ್ನುತ್ತಿದ್ದೆ. ಮುಂದಿನ ವಾರ ಯಾರೂ ಮಾಡಿಕೊಂಡು ಬರುತ್ತಿರಲಿಲ್ಲ. ‘ಇಷ್ಟೂ ಆಗಲ್ವೇನ್ರಯ್ಯಾ’ ಅಂತ ಮೂಗು ಮುರಿದು, ಉತ್ತರ ಹೇಳದೆ, ಇನ್ನೊಂದು ಕೊಡುತ್ತಿದ್ದೆ. ಉತ್ತರ ಹೇಳದಿರುವುದನ್ನು ಅವರು ದೊಡ್ಡ ಮೇಷ್ಟ್ರ ಗತ್ತು ಅಂದುಕೊಂಡರು. ಉತ್ತರ ನನ್ನ ಹತ್ತಿರ ಇರಲಿಲ್ಲ ಅನ್ನುವ ಅನುಮಾನ ಯಾರಿಗೂ ಬರಲಿಲ್ಲ — ಯಾರು ಅನುಮಾನ ಪಟ್ಟಾರು, ಗಣಿತದ ಮೇಷ್ಟ್ರನ್ನು...

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಯಾರಾದರೂ ‘ಆಯ್ತು ಸಾರ್’ ಅಂದರೆ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಬರಿಗೈಯಲ್ಲಿ ಬೋರ್ಡಿಗೆ ಹೋಗಿ, ಮೊದಲಿಂದ ಮತ್ತೆ ಮಾಡಬೇಕು. ಉಳಿದವರು ಅಡ್ಡಪ್ರಶ್ನೆ ಹಾಕಬೇಕು. ಆಗತಾನೇ ಎಲ್ಲರ ಕೈಗೂ ಮೊಬೈಲು, ನೆಟ್ಟು ಬರುತ್ತಿದ್ದ ಕಾಲ. ಎಲ್ಲಿಂದಲೋ ಇಳಿಸಿಕೊಂಡು ಬಂದವರು ಬೋರ್ಡಿನ ಮುಂದೆ ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ಮಾಡಿದವರು ಯಾರು, ಕದ್ದವರು ಯಾರು ಅಂತ ತಿಳಿಯಲು ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇಲ್ಲ ಅಂತ ನಾನೇ ಭಾಷಣ ಬಿಗಿಯುತ್ತಿದ್ದೆ.

ನೀನು ಭಾನುವಾರದ ಕ್ಲಾಸಿಗೆ ಬಂದದ್ದು ನಿನ್ನ ಡಿಗ್ರಿಯ ಕೊನೇ ವರ್ಷದಲ್ಲಿ. ಹಾರನಹಳ್ಳಿ ಕಡೆಯಿಂದ ಟೆಂಪೋದಲ್ಲಿ ಬರುತ್ತಿದ್ದೆ, ನಿಮ್ಮಪ್ಪ ಬಸ್ ಕಂಡಕ್ಟರು. ಕೊನೇ ಬೆಂಚಿನ ತುದಿ, ಕಿಟಕಿ ಪಕ್ಕ. ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲೇ ಗಣಿತ ಓದಿದವಳು, ಇಂಗ್ಲಿಷಿನಲ್ಲಿ ಲೆಕ್ಕ ಕೊಟ್ಟರೆ ಪಕ್ಕದವಳನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತಿದ್ದೆ. ನಾನು ನಿನ್ನನ್ನು ನೋಡಿ ಒಂದೇ ವಾರಕ್ಕೆ ತೀರ್ಮಾನ ಮಾಡಿಬಿಟ್ಟಿದ್ದೆ — ಸರ್ಟಿಫಿಕೇಟಿಗೆ ಬಂದವಳು ಅಂತ.

ನಿನ್ನ ಜಾತಿ ಅದಕ್ಕೆ ಕಾರಣವೇ ಅಂತ ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಇಲ್ಲ ಅಂತ ಬರೆಯಲು ಕೈ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಬುದ್ಧನ ಪೂಜೆ, ನಿಮ್ಮಪ್ಪನಿಗೆ ಕೆಲಸ ಸಿಕ್ಕಿದ್ದು ಮೀಸಲಾತಿಯಲ್ಲಿ, ನಿನಗೆ ಸೀಟು ಸಿಕ್ಕಿದ್ದೂ ಹಾಗೇ ಅಂತ ಸ್ಟಾಫ್ ರೂಮಿನಲ್ಲಿ ಮಾತಾದಾಗ ಬೇರೆಯವರು ಹಲ್ಲು ಕಿರಿಯುತ್ತಿದ್ದರು. ನಾನು ನಗುತ್ತಿರಲಿಲ್ಲ, ಅದೇ ನನ್ನ ದೊಡ್ಡತನ ಅಂದುಕೊಂಡಿದ್ದೆ. ನಗದೆ ಕೂತು, ಟೀ ಕುಡಿಯುತ್ತಾ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ ಅಷ್ಟೆ.

ನಿಮ್ಮಪ್ಪ ಒಮ್ಮೆ ಬಸ್ಸಿನಲ್ಲಿ ಸಿಕ್ಕಿದ್ದರು. ಟಿಕೆಟ್ ಹರಿಯುತ್ತಾ ಹರಿಯುತ್ತಾ ನನ್ನ ಸೀಟಿನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ‘ಸಾರ್, ಆ ಮೈಸೂರು ಪರೀಕ್ಷೇಲಿ ಪಾಸಾದ್ರೆ ಮುಂದುಕ್ಕೆ ಓದಿಸ್ತೀನಿ ಅಂತ ಮಾತು ಕೊಟ್ಟಿವ್ನಿ ಮಗೀಗೆ. ಇಲ್ದಿದ್ರೆ ಅವ್ರಮ್ಮ ಬಿಡಾಕಿಲ್ಲ, ಗಂಡು ನೋಡ್ತಾವ್ಳೆ. ನೀವು ಒಸಿ ನೋಡ್ಕೊಳ್ಳಿ’ ಅಂದರು. ನಾನು ‘ನೋಡೋಣ’ ಅಂದೆ. ಆ ‘ನೋಡೋಣ’ದಲ್ಲಿ ಎಷ್ಟು ತಾತ್ಸಾರ ಇತ್ತು ಅಂತ ಅವರಿಗೆ ತಿಳಿಯಲಿಲ್ಲ. ಚಿಲ್ಲರೆ ಕೊಟ್ಟು, ಕೈ ಮುಗಿದು ಮುಂದೆ ಹೋದರು. ಆ ಸ್ಪರ್ಧೆ ನಿನಗೆ ಬಹುಮಾನದ ವಿಷಯ ಆಗಿರಲಿಲ್ಲ, ಗಣಿತ ಓದುತ್ತೀಯೋ ಬಿಡುತ್ತೀಯೋ ಅನ್ನುವ ವಿಷಯವಾಗಿತ್ತು ಅಂತ ಆಗಿನಿಂದ ನನಗೆ ಗೊತ್ತಿತ್ತು. ಅದನ್ನೂ ಗೊತ್ತಿಲ್ಲ ಅನ್ನಲಾರೆ.

ಕೊನೆಯ ಆಯ್ಕೆಗೆ ಅಂತ ನಾನು ಕೊಟ್ಟದ್ದು ನೆಲದ ಲೆಕ್ಕ. ಆಯತಾಕಾರದ ಒಂದು ನೆಲ. ಅದಕ್ಕೆ ಸಂದಿಲ್ಲದ ಹಾಗೆ ಆಯತಾಕಾರದ ಕಲ್ಲು ಹಾಸಿದ್ದಾರೆ. ಒಂದೊಂದು ಕಲ್ಲು ಒಂದೊಂದು ಅಳತೆ. ಆದರೆ ಪ್ರತಿ ಕಲ್ಲಿನಲ್ಲೂ ಉದ್ದವೋ ಅಗಲವೋ ಎರಡರಲ್ಲಿ ಒಂದಾದರೂ ಪೂರಾ ಅಡಿಯಲ್ಲಿದೆ — ಒಂದಡಿ, ಎರಡಡಿ, ಮೂರಡಿ. ಕಾಲು ಮುಕ್ಕಾಲು ಇಲ್ಲ. ಹಾಗಿದ್ದರೆ ಇಡೀ ನೆಲದ ಉದ್ದವೋ ಅಗಲವೋ ಒಂದಾದರೂ ಪೂರಾ ಅಡಿಯಲ್ಲೇ ಇರಬೇಕು. ಯಾಕೆ?

ಈ ಲೆಕ್ಕವನ್ನು ನನಗೆ ಹೇಳಿದ್ದು ಹೊರಗಿನಿಂದ ಬಂದ ಒಬ್ಬ ಪ್ರೊಫೆಸರು, ಯಾವುದೋ ತರಬೇತಿಯ ಟೀ ವಿರಾಮದಲ್ಲಿ. ‘ಬಹಳ ಚೆಂದದ ಲೆಕ್ಕ’ ಅಂದರು. ಬಿಡಿಸುವುದು ಹೇಗೆ ಅಂತ ಕೇಳಲು ನನ್ನ ಜಂಬ ಬಿಡಲಿಲ್ಲ; ಗೊತ್ತಿರುವವನ ಹಾಗೆ ತಲೆ ಆಡಿಸಿದೆ. ಆಮೇಲೆ ತಿಂಗಳುಗಟ್ಟಲೆ ಗುದ್ದಾಡಿದೆ. ಕಲ್ಲುಗಳನ್ನು ಒಂದೊಂದಾಗಿ ಕೂಡಿಸಿ ನೋಡಿದೆ, ಅಂಚು ಹಿಡಿದು ನಡೆದು ನೋಡಿದೆ, ಏನೇನೋ ಸೂತ್ರ ಹಚ್ಚಿ ನೋಡಿದೆ — ತಲೆಗೆ ಹತ್ತಲಿಲ್ಲ. ನೆಟ್ಟಿನಲ್ಲಿ ಹುಡುಕಿದರೆ ಸೋತ ಹಾಗೆ ಅಂತ ಹುಡುಕಲೂ ಇಲ್ಲ. ಕೊನೆಗೆ ನನ್ನ ಅಭ್ಯಾಸದಂತೆ ಮಕ್ಕಳ ತಲೆಗೆ ಕಟ್ಟಿದೆ. ‘ಸುಲಭ ಐತೆ’ ಅಂದೆ.

ಮುಂದಿನ ಭಾನುವಾರ ನೀನು ಎದ್ದು ನಿಂತು, ‘ನೆಲದ ಲೆಕ್ಕ ಆಗೈತೆ ಅನ್ಸುತ್ತೆ ಸಾರ್’ ಅಂದೆ. ಕೆಲವರು ತಿರುಗಿ ನೋಡಿದರು. ನಾನು ಕೈ ಚಾಚಿದೆ. ನೀನು ಹಾಳೆ ಕೊಟ್ಟು, ನಿಯಮದ ಪ್ರಕಾರ, ಬರಿಗೈಯಲ್ಲಿ ಬೋರ್ಡಿನ ಕಡೆ ನಡೆದೆ. ಚಾಕ್‌ಪೀಸು ತಗೊಂಡೆ. ನಾನು ಹಾಳೆ ಓದುತ್ತಿದ್ದೆ.

ಮೊದಲು ಒಂದು ಚಿತ್ರ. ನೀನು ನೆಲದ ಮೇಲೆಲ್ಲ ಒಂದೊಂದು ಅಡಿಯ ಚೌಕ ಎಳೆದು, ಚದುರಂಗದ ಮಣೆಯ ಹಾಗೆ ಒಂದು ಕರಿ ಒಂದು ಬಿಳಿ ಬಣ್ಣ ಹಚ್ಚಿದ್ದೆ. ಅದನ್ನು ಅಡ್ಡಗೀಟು ಹಾಕಿ ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದೆ: ‘ಮೂರಡಿ ಕಲ್ಲಿಗೆ ಎರಡು ಕರಿ, ಒಂದು ಬಿಳಿ ಬಂದುಬಿಡುತ್ತೆ. ಆಗಲ್ಲ. ಇನ್ನೂ ಚಿಕ್ಕದು ಬೇಕು.’ ಅದರ ಕೆಳಗೆ ಎರಡನೇ ಚಿತ್ರ — ಅರ್ಧ ಅಡಿಯ ಚೌಕಗಳು, ನೆಲದ ಒಂದು ಮೂಲೆಯಿಂದ ಕರಿಯಲ್ಲಿ ಶುರು. ಈಗ ಪೂರಾ ಅಡಿಯ ಬದಿ ಇರುವ ಯಾವ ಕಲ್ಲನ್ನೇ ತಗೋ, ಎಲ್ಲೇ ಇಡು, ಅದರ ಮೇಲೆ ಬೀಳುವ ಕರಿ ಬಣ್ಣ ಬಿಳಿ ಬಣ್ಣ ಸರಿಸಮ. ಎಲ್ಲ ಕಲ್ಲಿನಲ್ಲೂ ಸಮ ಅಂದಮೇಲೆ ಇಡೀ ನೆಲದಲ್ಲೂ ಸಮ. ನೆಲದ ಎರಡು ಬದಿಯೂ ಪೂರಾ ಅಡಿ ಅಲ್ಲ ಅಂತಿಟ್ಟುಕೋ. ಪೂರಾ ಅಡಿಗಳನ್ನೆಲ್ಲ ಕತ್ತರಿಸಿ ತೆಗೆದರೆ ಮೂಲೆಯಲ್ಲಿ ಒಂದು ಚೂರು ಉಳಿಯುತ್ತೆ, ಆ ಚೂರಿನಲ್ಲಿ ಕರಿಯೇ ಹೆಚ್ಚು. ಹಾಗಾಗುವಂತಿಲ್ಲ. ಮುಗಿಯಿತು.

ಒಂದು ಪುಟ. ಸೂತ್ರ ಇಲ್ಲ, ಏನಿಲ್ಲ.

ಅರ್ಧ ಪುಟಕ್ಕೇ ನನಗೆ ಅರ್ಥವಾಗಿತ್ತು. ಅಷ್ಟೇ ಅಲ್ಲ, ಅದು ನಿನ್ನದೇ ಅನ್ನುವುದೂ ಅರ್ಥವಾಗಿತ್ತು — ಆ ಹೊಡೆದುಹಾಕಿದ ಚಿತ್ರದಿಂದ. ಎಲ್ಲಿಂದಲೋ ಇಳಿಸಿಕೊಂಡವರು ಸರಿಯಾದದ್ದನ್ನು ಇಳಿಸಿಕೊಳ್ಳುತ್ತಾರೆ, ತಪ್ಪು ಮಾಡಿ ತಿದ್ದಿಕೊಳ್ಳುತ್ತಾ ಕೂರುವುದಿಲ್ಲ. ಒಂದಡಿಯಲ್ಲಿ ಎಡವಿ, ಯಾಕೆ ಎಡವಿದೆ ಅಂತ ಮೂರಡಿ ಕಲ್ಲಿಟ್ಟು ನೋಡಿ, ಅರ್ಧ ಅಡಿಗೆ ಬಂದಿದ್ದೀಯ. ಯೋಚನೆ ಮಾಡುತ್ತಿರುವ ತಲೆಯೊಂದು ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಕಾಣಿಸುತ್ತಿತ್ತು. ಎಷ್ಟೋ ವರ್ಷ ಈ ಕಾಲೇಜಿನಲ್ಲಿ ಇಂಥದ್ದು ಒಂದೂ ಇಲ್ಲ ಅಂತ ಬೈದುಕೊಂಡು ತಿರುಗಿದವನು ನಾನು. ಬಂದಾಗ ಏನನ್ನಿಸಬೇಕಿತ್ತು? ಹೊಟ್ಟೆ ಉರಿಯಿತು. ನೇರವಾಗಿ ಹೇಳುತ್ತೇನೆ, ಹೊಟ್ಟೆ ಉರಿಯಿತು. ನಾನು ತಿಂಗಳುಗಟ್ಟಲೆ ಗೋಡೆಗೆ ಹಣೆ ಚಚ್ಚಿಕೊಂಡದ್ದನ್ನು ಇವಳು — ‘ಇವಳು’ ಅನ್ನುವ ಪದವೇ ಬಂತು ಮನಸ್ಸಿಗೆ — ಇವಳು ಒಂದು ವಾರದಲ್ಲಿ...

ನೀನು ಬೋರ್ಡಿನ ಮೇಲೆ ನೆಲದ ಮೊದಲ ಗೆರೆ ಎಳೆದಿದ್ದೆ. ನಾನು ಅಂದೆ: ‘ಬೇಡ. ಕೂತ್ಕೊ ಹೋಗು.’

ನೀನು ತಿರುಗಿದೆ. ‘ಬೋರ್ಡಲ್ಲಿ ಮಾಡ್ತೀನಿ ಸಾರ್.’

‘ಮಾಡೋದೇನೂ ಬೇಡ. ಇದು ನಿಂದಲ್ಲ.’

‘ನಂದೇ ಸಾರ್.’

‘ಎಲ್ಲಿಂದ ಇಳಿಸ್ಕೊಂಡೆ?’

‘ನನ್ನತ್ರ ಮೊಬೈಲೇ ಇಲ್ಲ ಸಾರ್...’

‘ನಿಮ್ಮಣ್ಣನ ಹತ್ರ ಐತಲ್ಲ.’

ಆಗ ನಾಗರಾಜ ಎದ್ದು ನಿಂತ. ಹಾರನಹಳ್ಳಿಯ ಹುಡುಗ, ಮುಂದಿನ ಬೆಂಚಿನವನು; ನೀನಲ್ಲದಿದ್ದರೆ ಮೈಸೂರಿಗೆ ಹೋಗಬೇಕಾದವನು ಅವನೇ. ‘ಸಾರ್, ಒಂದ್ಸಲ ಬೋರ್ಡಲ್ಲಿ ಮಾಡ್ಲಿ ಬಿಡಿ ಸಾರ್. ನಾವು ಪ್ರಶ್ನೆ ಕೇಳ್ತೀವಿ. ಗೊತ್ತಾಗೋಯ್ತದೆ.’ ನನ್ನ ಸುಳ್ಳಿನಿಂದ ಲಾಭ ಆಗುವುದು ಆ ಹುಡುಗನಿಗೆ, ಅವನೇ ಅಡ್ಡ ಬಂದ ನೋಡು. ನಾನು ಅವನನ್ನೂ ಗದರಿದೆ. ‘ಕದ್ದ ಮಾಲಿಗೆ ಪರೀಕ್ಷೆ ಬೇರೆ ಕೇಡು. ಕೂತ್ಕೊಳಯ್ಯ.’

ಎಲ್ಲರಿಗೂ ಇದ್ದ ಪರೀಕ್ಷೆ ನಿನಗೆ ಮಾತ್ರ ಬೇಡ ಅಂದೆ. ಯಾಕೆ ಅಂತ ನೀನು ಯಾವತ್ತಾದರೂ ಯೋಚಿಸಿದೆಯೋ ಇಲ್ಲವೋ. ನೀನು ಬೋರ್ಡಿನಲ್ಲಿ ಮಾಡಿಬಿಡುತ್ತೀಯ ಅಂತ ನನಗೆ ಗೊತ್ತಿತ್ತು, ಅದಕ್ಕೆ. ಬಿಟ್ಟಿದ್ದರೆ ನಾಗರಾಜ ಅಡ್ಡಪ್ರಶ್ನೆ ಕೇಳುತ್ತಿದ್ದ, ನೀನು ಉತ್ತರ ಹೇಳುತ್ತಿದ್ದೆ, ಅಷ್ಟರಲ್ಲಿ ಯಾರೋ ನನ್ನ ಕಡೆ ತಿರುಗಿ ‘ನೀವು ಹೆಂಗೆ ಮಾಡಿದ್ರಿ ಸಾರ್?’ ಅಂತ ಕೇಳುತ್ತಿದ್ದರು — ಆ ಪ್ರಶ್ನೆಗೆ ನಾನು ಹೆದರಿದೆ. ಗಣಿತದ ಮೇಷ್ಟ್ರು, ನಾಲ್ಕು ಜನ ನಮಸ್ಕಾರ ಹೊಡೆಯುವ ದೊಡ್ಡ ಮನುಷ್ಯ, ಒಂದು ಪ್ರಶ್ನೆಗೆ ಹೆದರಿ ಒಂದು ಹುಡುಗಿಯನ್ನು ಕಳ್ಳಿ ಮಾಡಿದೆ. ನೀನು ಚಾಕ್‌ಪೀಸನ್ನು ಇದ್ದ ಜಾಗದಲ್ಲೇ ಇಟ್ಟು, ಹೋಗಿ ಕೂತೆ. ಅಳಲಿಲ್ಲ. ಕ್ಲಾಸು ಮುಗಿಯುವವರೆಗೂ ಕೂತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ನೀನು ನನ್ನನ್ನು ಬೈದುಕೊಂಡು ಬದುಕುತ್ತಿದ್ದೆ. ‘ಆ ಮೇಷ್ಟ್ರು ಹೊಟ್ಟೆಕಿಚ್ಚಿನ ಮುದುಕ’ ಅಂತ ಸರಿಯಾಗಿಯೇ ತಿಳಿದುಕೊಂಡು, ಬೇರೆ ಎಲ್ಲಾದರೂ ದಾರಿ ಹುಡುಕಿಕೊಳ್ಳುತ್ತಿದ್ದೆ. ನಾನು ಅದಕ್ಕೂ ಜಾಗ ಬಿಡಲಿಲ್ಲ.

ಆ ಸಂಜೆ ಮನೆಗೆ ಹೋದವನೇ ಮೊಬೈಲು ಹಿಡಿದು ಕೂತೆ. ಅಷ್ಟು ದಿನ ಹುಡುಕದವನು ಈಗ ಹುಡುಕಿದೆ. ಸಿಕ್ಕಿತು. ಯಾವುದೋ ದೇಶದ ಯಾರೋ ಎಂದೋ ಬಿಡಿಸಿ ಹಾಕಿದ್ದರು; ಚದುರಂಗದ ಬಣ್ಣ, ಅರ್ಧ ಅಳತೆಯ ಚೌಕ, ಮೂಲೆಯ ಚೂರು, ಎಲ್ಲಾ ಅದೇ. ನನಗಾದ ಸಂತೋಷ ನೆನೆಸಿಕೊಂಡರೆ ಈಗ ಮೈ ಮುಳ್ಳೇಳುತ್ತೆ. ಒಂದು ಲೆಕ್ಕಕ್ಕೆ ಒಂದೇ ಚೆಂದದ ದಾರಿ ಇದ್ದರೆ ಇಬ್ಬರು ಬೇರೆ ಬೇರೆ ಹೊರಟರೂ ಅದೇ ದಾರಿಗೆ ಬಂದು ಸೇರುತ್ತಾರೆ — ಇದು ಗಣಿತ ಓದಿದ ಯಾವನಿಗಾದರೂ ಗೊತ್ತಿರುವ ಮಾತು. ನಾನೇ ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ ಮಾತು. ಆದರೆ ಆವತ್ತು ನನಗೆ ಬೇಕಾಗಿದ್ದದ್ದು ಗಣಿತ ಅಲ್ಲ.

ಸೋಮವಾರ ಕಾರಿಡಾರಿನಲ್ಲಿ ನಿನ್ನನ್ನು ನಿಲ್ಲಿಸಿ ಮೊಬೈಲು ಮುಂದೆ ಹಿಡಿದೆ. ‘ನೋಡು. ಇದೇ ಅಲ್ವಾ?’

ನೀನು ಇಂಗ್ಲಿಷನ್ನು ಬಿಟ್ಟು ಚಿತ್ರಗಳನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ನಿನ್ನ ಮುಖ ಕಪ್ಪಿಟ್ಟಿತು. ನಿನಗೆ ಇಪ್ಪತ್ತು ವರ್ಷ. ನಿನ್ನ ತಲೆಗೆ ಬಂದದ್ದು ಬೇರೆಯವರ ತಲೆಗೂ ಬಂದಿರಬಹುದು ಅಂತ ನಿನಗೆ ಹೇಳಿಕೊಟ್ಟವರಿರಲಿಲ್ಲ. ಹೇಳಿಕೊಡಬೇಕಾದವನು ನಾನು. ನಾನು ಮೊಬೈಲು ಹಿಡಿದು ನಿಂತಿದ್ದೆ. ಕೊನೆಗೆ ನೀನು ‘ಹೂ ಸಾರ್, ಇದೇ’ ಅಂದೆ. ಅಷ್ಟೇ ಅಂದೆ. ನಾನು ಗೆದ್ದವನ ಹಾಗೆ ಸ್ಟಾಫ್ ರೂಮಿಗೆ ಹೋಗಿ ಎಲ್ಲರಿಗೂ ತೋರಿಸಿದೆ. ‘ಇವರಿಂದ ಇನ್ನೇನು ನಿರೀಕ್ಷೆ ಮಾಡ್ತೀರಿ’ ಅಂತ ಒಬ್ಬರು ಅಂದರು. ಆವತ್ತು ನಾನೂ ನಕ್ಕೆ.

ನಾಗರಾಜ ಮೈಸೂರಿಗೆ ಹೋಗಿ ಬರಿಗೈಯಲ್ಲಿ ಬಂದ. ಬಂದವನು ನನ್ನ ಮುಖ ನೋಡದೆ ಹೇಳಿದ: ‘ಬಣ್ಣ ಹಚ್ಚೋ ತರದ ಲೆಕ್ಕ ಒಂದು ಬಂದಿತ್ತು ಸಾರ್. ಸುಜಾತ ಇದ್ದಿದ್ರೆ ಮಾಡೋಳು.’ ನಾನು ಕೇಳಿಸದವನ ಹಾಗೆ ಹಾಜರಿ ಕರೆಯಲು ಶುರು ಮಾಡಿದೆ. ನೀನು ಆ ಹೊತ್ತಿಗೆ ಭಾನುವಾರ ಬರುವುದನ್ನು ಬಿಟ್ಟಿದ್ದೆ. ಪರೀಕ್ಷೆ ಬರೆದು, ಪಾಸಾಗಿ ಹೋದೆ. ಆ ವರ್ಷವೇ ಮದುವೆ ಆಯಿತಂತೆ, ಬೇಲೂರು ಕಡೆಗೆ ಕೊಟ್ಟರಂತೆ ಅಂತ ಯಾರೋ ಹೇಳಿದರು.

ನಿನ್ನ ನಂತರ ಬಂದ ಪ್ರತಿ ಬ್ಯಾಚಿಗೂ ನಾನು ನೆಲದ ಲೆಕ್ಕ ಮಾಡಿ ತೋರಿಸುತ್ತಾ ಬಂದಿದ್ದೇನೆ. ನಿನ್ನ ಹಾಗೆಯೇ. ಮೊದಲು ಒಂದಡಿಯ ಚೌಕ ಹಾಕಿ, ‘ಅಯ್ಯೋ, ಮೂರಡಿ ಕಲ್ಲಿಗೆ ಕೈ ಕೊಡ್ತಲ್ಲ’ ಅಂತ ನಾಟಕ ಮಾಡಿ, ಅಳಿಸಿ, ಅರ್ಧ ಅಡಿಯದ್ದು ಹಾಕುತ್ತೇನೆ. ನೆಟ್ಟಿನಲ್ಲಿ ಇದ್ದದ್ದು ಬರೀ ಉತ್ತರ. ಈ ಎಡವುವುದು, ಏಳುವುದು ನಿನ್ನದು. ಅದನ್ನೂ ಬಿಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ‘ಸಾರ್ ಎಷ್ಟು ಚೆಂದ ಯೋಚನೆ ಮಾಡ್ತಾರೆ’ ಅನ್ನುತ್ತಾರೆ.

ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು. ನೆಮ್ಮದಿಯಾಗಿಯೇ ಇದ್ದೆ, ನಿದ್ದೆ ಬಾರದೆ ಒದ್ದಾಡಿದೆ ಅಂತೆಲ್ಲ ಬರೆಯಲಾರೆ. ಹೋದ ತಿಂಗಳು ಬೇಲೂರಿನಲ್ಲಿ ಒಂದು ವಿಚಾರ ಸಂಕಿರಣ ಇತ್ತು, ‘ಹೊಯ್ಸಳ ದೇವಾಲಯಗಳಲ್ಲಿ ಗಣಿತ’ ಅಂತ. ಗುಡಿ ನಿಂತ ಕಟ್ಟೆ, ಆ ನಕ್ಷತ್ರದ ಆಕಾರದ ಜಗತಿಯ ಮೂಲೆ ಎಣಿಸಿ, ಈಗಿನ ಗಣಿತವೆಲ್ಲ ಆಗಲೇ ನಮ್ಮವರಿಗೆ ಗೊತ್ತಿತ್ತು ಅಂತ ಕುಯ್ಯುವ ಜನ. ಹಳೇಬೀಡಿನಲ್ಲೂ ಹೋದ ವರ್ಷ ಇಂಥದ್ದೇ ಒಂದು ಮಾಡಿದ್ದರು. ಮುಖ್ಯ ಅತಿಥಿ ನಾನು. ಅವರನ್ನು ಕಂಡರೆ ನನಗೆ ತಾತ್ಸಾರ, ಆದರೆ ಶಾಲು ಹೊದಿಸುತ್ತಾರಲ್ಲ, ಹೊರಟೆ. ಹಗರೆಯಲ್ಲಿ ಬಸ್ಸು ಕೆಟ್ಟು ನಿಂತಿತು.

ಇಳಿದು ನೆರಳಿಗೆ ನಿಂತಿದ್ದೆ. ‘ಸಾರ್’ ಅಂತ ಯಾರೋ ಕರೆದರು. ನೀನು. ತಕ್ಷಣ ಗುರುತು ಸಿಗಲಿಲ್ಲ. ಪಕ್ಕದಲ್ಲಿ ಯೂನಿಫಾರಂ ಹಾಕಿದ ಪುಟ್ಟ ಮಗಳು, ಒಂದನೇ ಕ್ಲಾಸೋ ಎರಡನೇ ಕ್ಲಾಸೋ. ಅಲ್ಲೇ ಹಾಲಿನ ಡೈರಿಯಲ್ಲಿ ಸೆಕ್ರೆಟರಿ ಕೆಲಸ ಮಾಡುತ್ತೀನಿ ಅಂದೆ, ಚೆನ್ನಾಗಿದೀನಿ ಅಂದೆ. ಚೆನ್ನಾಗಿಯೇ ಕಾಣುತ್ತಿದ್ದೆ. ಡೈರಿಯ ಒಳಗಿಂದ ಕುರ್ಚಿ ತರಿಸಿ ಹಾಕಿದೆ. ನಾನು ಕೂತೆ, ಕೂರಲೇಬಾರದಿತ್ತು. ಏನಾದರೂ ಮಾತಾಡಬೇಕಲ್ಲ ಅಂತ ‘ಎಂ.ಎಸ್ಸಿ. ಮಾಡ್ಬಹುದಿತ್ತಲ್ಲಮ್ಮ’ ಅಂದೆ. ಅಂಥ ಮಾತು ಆಡಲು ನನ್ನ ನಾಲಿಗೆಗೆ ನಾಚಿಕೆ ಆಗಲಿಲ್ಲ ನೋಡು.

ನೀನು ನಕ್ಕೆ. ‘ನಂಗೆಲ್ಲಿ ಸಾರ್ ಅಷ್ಟು ತಲೆ.’

ಆಮೇಲೆ ನೀನೇ ತಗ್ಗಿದ ದನಿಯಲ್ಲಿ ಆ ಮಾತು ತೆಗೆದೆ. ‘ಸಾರ್, ನಿಮ್ಮತ್ರ ಒಂದು ಹೇಳ್ಬೇಕು ಅಂತ ಬಾಳ ದಿವ್ಸದಿಂದ ಇತ್ತು. ಆ ನೆಲದ ಲೆಕ್ಕ... ನಾನೇ ಮಾಡ್ದೆ ಅಂತ್ಲೇ ಅಂದ್ಕೊಂಡಿದ್ದೆ ಸಾರ್, ದೇವ್ರಾಣೆ. ಆದ್ರೆ ಮೊಬೈಲಲ್ಲಿ ತೋರಿಸಿದ್ರಲ್ಲ, ಅದು ಹಂಗಂಗೇ ಇತ್ತು. ಎಲ್ಲೋ ನೋಡಿರ್ಬೇಕು ನಾನು. ನೋಡಿ ಮರ್ತಿರ್ಬೇಕು. ಇಲ್ದಿದ್ರೆ ನನ್ನ ತಲೆಗೆ ಅದೆಲ್ಲಿಂದ ಬತ್ತದೆ. ತಪ್ಪಾಯ್ತು ಸಾರ್. ಎಲ್ಲರ ಮುಂದೆ ನಿಮ್ಮತ್ರ ನಂದೇ ಅಂತ ವಾದ ಮಾಡ್ಬಿಟ್ಟೆ.’

ಮಗಳ ತಲೆ ಸವರುತ್ತಾ, ‘ಇವಳಿಗೂ ಹೇಳ್ತಿರ್ತೀನಿ. ಬೇರೇವ್ರದು ನೋಡಿ ಬರೀಬೇಡ ಕಣೇ, ನಾನು ಒಂದ್ಸಲ ಸಾರ್ ಹತ್ರ ಸಿಕ್ಕಾಕ್ಕೊಂಡಿದ್ದೆ ಅಂತ’ ಅಂದೆ. ಆ ಮಗು ನನ್ನನ್ನು ಹೆದರಿ ನೋಡಿತು.

ಹೇಳಲು ಅದಕ್ಕಿಂತ ಒಳ್ಳೇ ಸಮಯ ಬೇಕಿತ್ತೇ? ನೀನೇ ಬಾಗಿಲು ತೆಗೆದು ಕೊಟ್ಟಿದ್ದೆ. ಒಂದೇ ವಾಕ್ಯ ಸಾಕಿತ್ತು. ನಾನು ಏನಂದೆ? ನಿನ್ನ ಕಡೆ ಕರುಣೆಯಿಂದ ನೋಡಿ — ಹೌದು, ಕರುಣೆಯಿಂದ — ‘ಹೋಗ್ಲಿ ಬಿಡಮ್ಮ. ವಯಸ್ಸು. ನಾನು ಅದನ್ನ ಯಾವತ್ತೋ ಮರ್ತೆ’ ಅಂದೆ.

ನಿನ್ನನ್ನು ಕ್ಷಮಿಸಿದೆ, ಸುಜಾತಾ. ಮಾಡದ ತಪ್ಪಿಗೆ. ಮಾಡಿದವನು ನಾನು, ಕುರ್ಚಿಯ ಮೇಲೆ ಕೂತು, ಕ್ಷಮಿಸಿದೆ. ನಿನ್ನ ಕಣ್ಣಲ್ಲಿ ನೀರು ಬಂತು, ಹಗುರಾಯಿತು ಸಾರ್ ಅಂದೆ. ಬಸ್ಸು ರಿಪೇರಿ ಆಯಿತು, ಹತ್ತಿ ಕೂತೆ. ಬೇಲೂರಿನಲ್ಲಿ ಶಾಲು ಹೊದಿಸಿಕೊಂಡೆ, ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ, ಚಪ್ಪಾಳೆ ಬಿತ್ತು.

ಇಷ್ಟು ದಿನ ನಾನು ನಿನ್ನಿಂದ ಕಿತ್ತುಕೊಂಡದ್ದು ಒಂದು ಸ್ಪರ್ಧೆ, ಒಂದು ಸೀಟು ಅಂತ ತಿಳಿದಿದ್ದೆ. ಅದನ್ನೇ ಸಣ್ಣದು ಮಾಡಿಕೊಂಡು ಹೇಗೋ ನುಂಗಿಕೊಂಡಿದ್ದೆ — ಇವರಿಗೆಲ್ಲ ಗಣಿತ ಯಾಕೆ ಬೇಕು, ಹೇಗಿದ್ದರೂ ಮದುವೆ ಆಗುತ್ತಿದ್ದಳು, ಅಂತೆಲ್ಲ. ಹಗರೆಯಲ್ಲಿ ಗೊತ್ತಾದದ್ದು ಬೇರೆ. ನೀನು ಯೋಚಿಸಿದ್ದನ್ನು ನೀನೇ ಯೋಚಿಸಿದ್ದು ಅಂತ ನಂಬಲು ನಿನಗೆ ಆಗುತ್ತಿಲ್ಲ. ನಿನ್ನ ತಲೆಯ ಮೇಲೆ ನಿನಗೇ ಅನುಮಾನ ಬರುವ ಹಾಗೆ ಮಾಡಿದೆ ನಾನು, ಆ ಅನುಮಾನವನ್ನು ನೀನು ಈಗ ಮಗಳ ಕೈಗೂ ಕೊಡುತ್ತಿದ್ದೀಯ, ಒಳ್ಳೇ ಬುದ್ಧಿ ಅಂದುಕೊಂಡು. ಊರಿನವರನ್ನೆಲ್ಲ ಕೀಳಾಗಿ ಕಂಡು ಬಾಳಿದವನಿಗೆ ತನಗಿಂತ ಕೀಳಾದವನು ಸಿಕ್ಕಲಿಲ್ಲ. ಇದನ್ನು ಬರೆದರೆ ನಾನು ದೊಡ್ಡವನಾಗುತ್ತೇನೆ ಅಂತಲೂ ಅಂದುಕೊಳ್ಳಬೇಡ. ಬರೆಯುವಾಗಲೂ ವಾಕ್ಯ ಚೆನ್ನಾಗಿ ಬಂತಾ ಅಂತ ನೋಡಿಕೊಳ್ಳುತ್ತಿದ್ದೇನೆ, ಅಂಥ ಜನ್ಮ ನನ್ನದು.

ನಾಗರಾಜ ಈಗ ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ, ‘ನಂಗೆ ಆವತ್ತೇ ಗೊತ್ತಿತ್ತು ಸಾರ್. ನಾನೂ ಸುಮ್ನಾದೆ’ ಅಂದು ಇಟ್ಟುಬಿಟ್ಟ.

ಆ ದಿನ ಹಗರೆಯಲ್ಲಿ ನಾನು ಆಡಿದ ಮಾತನ್ನು ವಾಪಸು ತಗೊಳ್ಳುತ್ತಿದ್ದೇನೆ. ನಿನ್ನನ್ನು ಕ್ಷಮಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನನ್ನನ್ನು ನೀನು ಕ್ಷಮಿಸು ಅಂತಲೂ ಕೇಳುವುದಿಲ್ಲ — ನೀನು ಒಳ್ಳೆಯವಳು, ಕೇಳಿದರೆ ಕೊಟ್ಟುಬಿಡುತ್ತೀಯ, ಅದನ್ನೂ ನಿನ್ನಿಂದ ಇಸಿದುಕೊಂಡು ಹೋಗುವುದು ಬೇಡ. ಬರುವ ಭಾನುವಾರ ಹಗರೆಗೆ ಬರುತ್ತೇನೆ. ನಿನ್ನ ಗಂಡನನ್ನೂ ಕರಿ, ಆಗುವುದಾದರೆ ನಿಮ್ಮಪ್ಪನನ್ನೂ. ಮಗಳು ಮಾತ್ರ ಇರಲೇಬೇಕು. ಅವಳಿಗೆ ನೀನು ಹೇಳುತ್ತಿರುವ ಕತೆ ಸುಳ್ಳು, ಅದನ್ನು ನಾನೇ ಅವಳಿಗೆ ಹೇಳಬೇಕು. ‘ನಿಮ್ಮಮ್ಮ ಯಾರದನ್ನೂ ನೋಡಿ ಬರೆದಿರಲಿಲ್ಲ ಮಗೂ, ಅವಳೇ ಮಾಡಿದ್ದು, ಮೇಷ್ಟ್ರಿಗೆ ಬರುತ್ತಿರಲಿಲ್ಲ’ ಅಂತ ಹೇಳುತ್ತೇನೆ. ಹೇಳಿದ ಮೇಲೆ ನೀನು ಹೋಗಿ ಅಂದರೆ ಎದ್ದು ಹೋಗುತ್ತೇನೆ.